ಹೇಂಟೆಯ ಕೆಳಗಿಟ್ಟ ಬಾಟಲಿ

ನಿನ್ನೆ ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ಸೆಗಣಿ ನೀರು ಚಿಮುಕಿಸಿದೆ. ಎರಡೂ ಹೊರಸುಗಳನ್ನು ಬಿಸಿಲಿಗೆ ಹಾಕಿ, ತಿಗಣೆ ಉದುರುವ ಹಾಗೆ ಕಾಲು ಹಿಡಿದು ನೆಲಕ್ಕೆ ಕುಟ್ಟಿದೆ. ಮೂರು ಸೇರು ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮಗಳ ಸಾಲಿ ಲಂಗದ ಅಂಚು ಬಿಚ್ಚಿತ್ತು, ಹೊಲಿದೆ. ಮಧ್ಯಾಹ್ನ ಕೆಂಪು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಮರೆತು ಕಣ್ಣು ಉಜ್ಜಿಕೊಂಡೆ. ನಾಲ್ಕೂವರೆಯ ಬಸ್ಸಿಗೆ ನಮ್ಮ ಯಜಮಾನರು ಗಂಗಾವತಿಯಿಂದ ಬಂದರು. ಕಾಲಿಗೆ ನೀರು ಕೊಟ್ಟೆ, ಚಹಾ ಕೊಟ್ಟೆ. ಅವರು ಚಹಾವನ್ನು ಬಸಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡಿದು, "ಭೂತಗನ್ನಡಿ ಮಾಸ್ತರು ಹೋಗಿಬಿಟ್ರಂತ. ಹದಿನೈದು ದಿನಾ ಆತಂತ," ಅಂದರು.

ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯದೋ ಸುದ್ದಿಯದೋ ಹೇಳಲಾರೆ.

ಅವರ ಹೆಸರು ಬರೆಯುವುದಿಲ್ಲ. ನಾಲ್ಕು ಹೆಣ್ಣುಮಕ್ಕಳ ತಂದೆ, ನಾಲ್ವರೂ ಒಳ್ಳೊಳ್ಳೆ ಮನೆ ಸೇರಿದ್ದಾರೆ. ಅವರಪ್ಪನ ಹೆಸರನ್ನು ಇಂಥ ಮಾತಿನ ನಡುವೆ ಎಳೆದು ತರುವುದು ಬೇಡ. ಹೇಗೂ ಗಂಗಾವತಿಯಲ್ಲಿ ಅವರನ್ನು ಹೆಸರಿಂದ ಕರೆಯುವವರು ಇರಲಿಲ್ಲ. ಭೂತಗನ್ನಡಿ ಮಾಸ್ತರು ಅಂದರೆ ಟಾಂಗಾದವನು ನೇರ ಬಾಗಿಲಿಗೆ ಬಿಡುತ್ತಿದ್ದ. ಅಕ್ಕಿ ಗಿರಣಿಗಳ ಸಾಲಿನ ಹಿಂದೆ ಅವರದೊಂದು ಕೋಣೆಯ ಲ್ಯಾಬು. ಭತ್ತದ ಹೊಟ್ಟಿನ ಧೂಳು ಒಳಗೆ ಬರಬಾರದೆಂದು ಕಿಟಕಿಗೆ ಒದ್ದೆ ಗೋಣಿಚೀಲ. ಟೇಬಲ್ಲಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕ. ಟೇಬಲ್ಲಿನ ಕೆಳಗೆ, ಒಡೆದ ಚಹಾಪುಡಿ ಪೆಟ್ಟಿಗೆಯಲ್ಲಿ, ಕಾವು ಕೂತ ಒಂದು ಕೆಂಪು ಹೇಂಟೆ.

ರಕ್ತ, ಮೂತ್ರ, ಕಫ ಎಲ್ಲ ನೋಡುತ್ತಿದ್ದರು. ಆದರೆ ಅವರ ಹೆಸರು ಕೊಪ್ಪಳ, ಕುಷ್ಟಗಿ, ನಮ್ಮ ಯಲಬುರ್ಗಾದವರೆಗೆ ಹಬ್ಬಿದ್ದು ಗಂಡಸರ ಧಾತು ಪರೀಕ್ಷೆಯಿಂದ. ಮಕ್ಕಳಾಗದಿದ್ದರೆ ಹೆಂಗಸನ್ನಷ್ಟೇ ಊರೂರು ದವಾಖಾನೆಗೆ ಅಡ್ಡಾಡಿಸುತ್ತಿದ್ದ ಕಾಲದಲ್ಲಿ ಅವರು ಬಾಗಿಲಲ್ಲೇ ಕೇಳುತ್ತಿದ್ದರು: "ಗಂಡ ಎಲ್ಲ್ಯದಾನ? ಮೊದಲು ಆತನ್ನ ಕರೀರಿ." ಒಬ್ಬ ಗಿರಣಿ ಮಾಲೀಕ ತನ್ನ ಹೆಂಡತಿಯನ್ನು ಮೂರು ಸಲ ಪರೀಕ್ಷೆಗೆ ಕಳಿಸಿ, ತಾನು ಮಾತ್ರ ಒಮ್ಮೆಯೂ ಬರಲಿಲ್ಲವಂತೆ. ಮಾಸ್ತರು ನಡು ಬಜಾರದಲ್ಲಿ ಅವನನ್ನು ತಡೆದು ಕೇಳಿದರು: "ಸಾವ್ಕಾರ್ರ, ಅಕ್ಕಿ ನುಚ್ಚಾದ್ರ ಏನು ನೋಡ್ತೀರಿ?" "ಭತ್ತ ನೋಡ್ತೀನಿ, ಮಶೀನು ನೋಡ್ತೀನಿ." "ಮತ್ತ ಮನ್ಯಾಗ ಬರೇ ಭತ್ತಾ ಯಾಕ ನೋಡಾಕತ್ತೀರಿ?" ಆ ಸಾವುಕಾರ ಮರುದಿನ ಬೆಳಕು ಹರಿಯುವುದರೊಳಗೆ, ಮುಖಕ್ಕೆ ವಲ್ಲಿ ಸುತ್ತಿಕೊಂಡು, ಹಿಂದಿನ ಬಾಗಿಲಿಂದ ಬಂದನಂತೆ.

ಮಾಸ್ತರದು ಒಂದೇ ತಕರಾರು, ಧಾತು ತರುವ ರೀತಿಯದು. ಮನುಷ್ಯನ ಮೈಯ ಬಿಸಿ ಎಷ್ಟೋ ಅಷ್ಟೇ ಇರಬೇಕು, ಒಂದು ತಾಸಿನೊಳಗೆ ಅವರ ಕೈಗೆ ಸೇರಬೇಕು, ಬಾಟಲಿ ಸ್ವಚ್ಛವಿರಬೇಕು, ಆದರೆ ಸಾಬೂನಿನ ವಾಸನೆಯೂ ಇರಬಾರದು. ಹಳ್ಳಿಯವರು ತರುವುದೋ ನೂರು ನಮೂನೆ. ಒಬ್ಬ ಬಸ್ಸಿನ ಮೇಲೆ ಉಳ್ಳಾಗಡ್ಡಿ ಚೀಲದೊಳಗೆ ಇಟ್ಟು ತಂದಿದ್ದ. ಕನಕಗಿರಿ ಕಡೆಯ ಒಬ್ಬ ಮರ್ಯಾದಸ್ಥರು, ಸಾಹೇಬರ ಮುಂದೆ ವಾಸನೆ ಬರಬಾರದೆಂದು ಬಾಟಲಿಗೆ ಎರಡು ಹನಿ ಅತ್ತರು ಹಾಕಿ ತಂದಿದ್ದರು. "ಒಂದೂ ಉಳೀಲಿಲ್ಲ ನೋಡ್ರಿ. ಆದ್ರ ಇಂಥಾ ಸುವಾಸನಿಯೊಳಗ ಹೋದ ಜೀವ ನಾ ನೋಡಿಲ್ಲ," ಎಂದು ಮಾಸ್ತರು ಎಲ್ಲರೆದುರು ಹೇಳಿ ನಗುತ್ತಿದ್ದರು, ಹೆಸರು ಮಾತ್ರ ಬಿಡುತ್ತಿರಲಿಲ್ಲ.

ದಾರಿಯಲ್ಲಿ ಎಷ್ಟು ತಣ್ಣಗಾಗುತ್ತದೆ ಎಂದು ತಿಳಿಯಲು ಒಮ್ಮೆ ತಾವೇ ಕನಕಗಿರಿಯಿಂದ ಬಸ್ಸು ಹತ್ತಿದರಂತೆ, ಕಂಕುಳಲ್ಲಿ ಉಗುರುಬೆಚ್ಚನೆ ನೀರಿನ ಬಾಟಲಿ, ಅದರಲ್ಲಿ ಥರ್ಮಾಮೀಟರು. ಪ್ರತಿ ಸ್ಟಾಪಿಗೂ ಅಂಗಿಯೊಳಗಿಂದ ಅದನ್ನು ತೆಗೆದು ನೋಡಿ ಒಳಗಿಡುವುದು. ಜ್ವರ ನೆತ್ತಿಗೇರಿದೆ ಎಂದುಕೊಂಡು ಒಬ್ಬ ಮುದುಕಿ ತನ್ನ ಸೀಟು ಬಿಟ್ಟುಕೊಟ್ಟಳು. ಕಂಡಕ್ಟರು ದವಾಖಾನೆಯ ಮುಂದೆಯೇ ಬಸ್ಸು ನಿಲ್ಲಿಸಿ ಕೈಹಿಡಿದು ಇಳಿಸಿದ. "ನಾ ಇಳೀಲಿಲ್ಲ ಅಂದ್ರ ಎತ್ತಿ ಇಳಸ್ತಿದ್ರವ್ವಾ. ಅಲ್ಲಿಂದ ನಡ್ಕೋತ ಬಂದೆ," ಅನ್ನುತ್ತಿದ್ದರು. ಹೇಂಟೆಯನ್ನು ಸಾಕಿದ್ದೂ ಅದಕ್ಕೇ. ಅದರ ಹೊಟ್ಟೆಯ ಕೆಳಗೂ ಥರ್ಮಾಮೀಟರು ಇಟ್ಟು ನೋಡುತ್ತಿದ್ದರು. "ಕಾವು ಅಂದ್ರೇನಂತ ಕಲಸಾಕ ಇಕಿಗಿಂತ ದೊಡ್ಡ ಮಾಸ್ತರು ಯಾರೂ ಇಲ್ಲ. ಜೀವ ಅಂಬೂದು ಭಾಳ ನಾಜೂಕಿಂದು. ಬಿಸಿ ಆದ್ರೂ ಸಿಟ್ಟು, ತಣ್ಣಗಾದ್ರೂ ಸಿಟ್ಟು, ನಮ್ಮ ತಾಸೀಲ್ದಾರ ಸಾಹೇಬ್ರು ಇದ್ದಂಗ."

ಇನ್ನು ನನ್ನ ಕತೆ. ಎಪ್ಪತ್ತರ ದಶಕದ ಶುರುವಿನ ಮಾತು. ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನಮ್ಮ ಅತ್ತೆ ಕುಷ್ಟಗಿ ಕಡೆಯ ತಮ್ಮ ನೆಂಟರಲ್ಲಿ ಮಗನಿಗೆ ಇನ್ನೊಂದು ಹುಡುಗಿ ನೋಡಿದ್ದರು. ಸರ್ಕಾರಿ ನೌಕರಿಯವನು ಎರಡನೇ ಮದುವೆಯಾದರೆ ನೌಕರಿಗೆ ಸಂಚಕಾರ ಎಂದು ಯಾರೋ ಹೇಳಿದ್ದಕ್ಕೆ, "ನಾವೇನು ಬ್ಯಾಂಡು ಬಜಾಯಿಸಿ ಮಾಡ್ತೀವೇನು? ತವರುಮನಿ ಜಗಲಿ ಮ್ಯಾಲ ಅಕ್ಕಿಕಾಳು ಹಾಕಿದ್ರ ಆತು," ಅಂದಿದ್ದರು. ಹುಡುಗಿಯ ತಂದೆ ಮಾತ್ರ ಲೆಕ್ಕದ ಮನುಷ್ಯ. ಮೊದಲಿನವಳಿಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರ ಚೀಟಿ ತರ್ರಿ, ಆಮೇಲೆ ಮುಂದಿನ ಮಾತು ಎಂದಿದ್ದ.

ನಮ್ಮ ಯಜಮಾನರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಯಲಬುರ್ಗಾದ ದನದ ದವಾಖಾನೆಯಲ್ಲಿ ಜವಾನರು. ಸಂಜೆ ಗರಡಿಮನೆ. ಸಾಮು ಮಾಡಿದ ಮೈ, ಮೊಂಡ ಹೋರಿಯನ್ನು ಒಬ್ಬರೇ ಹಿಡಿದು ನಿಲ್ಲಿಸುತ್ತಿದ್ದರು. ಅವ್ವನಿಗೆ ಎದುರಾಡುವ ಮಾತಿಗೆ ಮಾತ್ರ ಬಾಯಿ ಹೊಲಿದ ಚೀಲ. ರಾತ್ರಿ ಒಂದೇ ಕೋಣೆಯಲ್ಲಿ ಅತ್ತೆ ಬಾಗಿಲಿಗೆ ಅಡ್ಡ ಮಲಗಿ, ನಾನು ಹೊರಳಿದರೂ "ಯಾಕ?" ಎಂದು ಕೇಳುತ್ತಿದ್ದ ಮನೆ ಅದು.

ಗಂಗಾವತಿಯ ಡಾಕ್ಟರಮ್ಮ ನನ್ನನ್ನು ನೋಡಿ, "ಈಕಿಗೇನೂ ಆಗಿಲ್ಲ. ಗಂಡಂದು ಭೂತಗನ್ನಡಿ ಮಾಸ್ತರ ಹತ್ರ ನೋಡ್ಸಿರಿ," ಅಂದರು. ಅತ್ತೆಗೆ ಅದು ಅಪಮಾನದ ಮಾತು. ಆದರೆ ಚೀಟಿ ಬೇಕಾಗಿತ್ತಲ್ಲ. "ನೋಡ್ಸೂಣು. ನನ್ನ ಮಗ ಏನಂತ ಊರಿಗೆ ಗೊತ್ತಾಗ್ಲಿ," ಅಂದರು.

ಹೀಗೆ ಒಂದು ದಿನ ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ಬಾಟಲಿಯನ್ನು ಹೇಗೆ ತರಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ, ಇವರು ಕೇಳಲೂ ಇಲ್ಲ. ಕೇಳುವುದೇನಿದೆ, ಅದೇ ಇವರ ಕೆಲಸ. ಜಿಲ್ಲಾ ಕೇಂದ್ರದಿಂದ ಹೋರಿ, ಕೋಣಗಳ ಧಾತು ಐಸು ತುಂಬಿದ ಥರ್ಮಾಸಿನಲ್ಲಿ ಬಸ್ಸಿಗೆ ಬರುತ್ತಿತ್ತು. ಅದನ್ನು ಇಳಿಸಿಕೊಂಡು, ಐಸು ಕರಗುವುದರೊಳಗೆ ದವಾಖಾನೆಗೆ ಓಡುವುದು ಹತ್ತು ವರ್ಷದ ರೂಢಿ. ಐಸು ಕರಗಿದ ದಿನ ದನದ ಡಾಕ್ಟರಿಂದ ಬೈಗುಳ. ಆ ಥರ್ಮಾಸನ್ನೇ ಬಿಸಿನೀರಲ್ಲಿ ತೊಳೆದು, ಸೋಡಾ ಅಂಗಡಿಯಿಂದ ಐಸು ತಂದು ತುಂಬಿ, ನಡುವೆ ಬಾಟಲಿ ಇಟ್ಟು, ಬಿರಡೆ ಬಿಗಿದು, ದಾರಿಯುದ್ದಕ್ಕೂ ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡು ಕೂತರು. ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗ ಮತ್ತೊಂದು ಬೊಗಸೆ ಐಸು ಹಾಕಿಸಿದರು. ಮೂರು ತಾಸಿನ ಮೇಲೆ ಅದನ್ನು ಮಾಸ್ತರ ಟೇಬಲ್ಲಿನ ಮೇಲಿಟ್ಟು, "ಒಂಚೂರೂ ಕರಗಿಲ್ಲ ನೋಡ್ರಿ ಸಾಹೇಬ್ರ," ಎಂದು ಎದೆಯುಬ್ಬಿಸಿ ನಿಂತರು. ಚೀಟಿ ಯಾಕೆ ಬೇಕು, ಹುಡುಗಿ ಯಾವ ಊರವಳು ಎಂದು ಅತ್ತೆ ಬಾಗಿಲಲ್ಲೇ ಹೇಳಿ ಮುಗಿಸಿದ್ದರು.

ಮಾಸ್ತರು ಥರ್ಮಾಸು ನೋಡಿದರು. ಇವರ ಎದೆ, ತೋಳು ನೋಡಿದರು. ಅತ್ತೆಯ ಮುಖ ನೋಡಿದರು. ಗಾಜಿನ ಮೇಲೆ ಒಂದು ಹನಿ ಇಟ್ಟು ಕಣ್ಣು ಹಚ್ಚಿದರು.

"ಏನ್ ಕಾಣ್ತೈತ್ರಿ ಮಾಸ್ತರ?" ಅತ್ತೆಗೆ ತಡೆಯದು.

"ನೀವ ನೋಡ್ರೆವ್ವಾ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಣ್ಣು ಕೈಯಿಂದ ಮುಚ್ಚಿ, ಬಗ್ಗಿದರು. "ಜ್ವಾಳದ ಹೊಟ್ಟು ಚೆಲ್ಲಿದಂಗ ಕಾಣ್ತೈತಿ. ಒಂದೂ ಮಿಸುಕವಲ್ದು."

"ಹೌದ್ರಿ. ಒಂದೂ ಮಿಸುಕವಲ್ದು."

"ಅಂದ್ರ?"

"ಅಂದ್ರ ನೀವು ಇಕಿ ಬಿಟ್ಟು ಇನ್ನೊಬ್ಬಾಕಿನ ತಂದ್ರೂ, ಆಕಿ ಬಿಟ್ಟು ಮತ್ತೊಬ್ಬಾಕಿನ ತಂದ್ರೂ, ಈ ಬಾಟ್ಲ್ಯಾಗಿಂದು ಇದ."

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತರು. ನಮ್ಮವರು ಖಾಲಿ ಗೋಡೆಯನ್ನು ಓದುತ್ತಿರುವವರ ಹಾಗೆ ನಿಂತರು. ಮಾಸ್ತರು ಅವರಿಬ್ಬರನ್ನೂ ಚಹಾ ಕುಡಿದು ಬನ್ನಿ ಎಂದು ಕಳಿಸಿ, ನನ್ನನ್ನು ಹೆಸರು, ವಯಸ್ಸು ಬರೆಸಬೇಕೆಂಬ ನೆವದಲ್ಲಿ ಉಳಿಸಿಕೊಂಡರು. ಅವರು ಹೊಸ್ತಿಲು ದಾಟಿದ್ದೇ ತಡ, ಬಾಟಲಿ ಒರೆಸಿ, ಟೇಬಲ್ಲಿನ ಕೆಳಗೆ ಬಗ್ಗಿ, ಹೇಂಟೆಯ ಹೊಟ್ಟೆಯಡಿ ಮೆಲ್ಲಗೆ ತೂರಿದರು. ಹೇಂಟೆ ಒಮ್ಮೆ ಕೊಕ್ಕ್ ಅಂದು, ರೆಕ್ಕೆ ಅಗಲಿಸಿ, ಅದನ್ನೂ ಒಂದು ಮೊಟ್ಟೆಯೆಂದೇ ಒಪ್ಪಿಕೊಂಡಿತು.

ಹತ್ತು ನಿಮಿಷ ನಾವಿಬ್ಬರೂ ಆ ಹೇಂಟೆಯನ್ನು ನೋಡುತ್ತ ಕೂತೆವು. ನನಗೆ ಅಳುವೂ ಬರುತ್ತಿತ್ತು, ನಗುವೂ. ಆಮೇಲೆ ಇನ್ನೊಂದು ಹನಿ ಗಾಜಿಗಿಟ್ಟು ನೋಡಿದರು, ನನಗೆ ಜಾಗ ಬಿಟ್ಟರು.

"ನೋಡು ತಂಗಿ."

ಹೊಟ್ಟಿನ ರಾಶಿಯ ನಡುವೆ ಒಂದು, ಮತ್ತೊಂದು, ಬಾಲ ಅಲ್ಲಾಡಿಸುತ್ತಿದ್ದವು. ಗಾಢ ನಿದ್ದೆಯಿಂದ ಎದ್ದು ಮೈ ಮುರಿಯುವ ಹಾಗೆ.

"ಎಲ್ಲಾ ಸತ್ತಿಲ್ಲವ್ವಾ, ಚಳೀಗೆ ಸೆಟಗೊಂಡಾವ. ದನದ್ದಕ್ಕ ತತ್ತಿ ಹಳದಿ, ಮದ್ದು ಎಲ್ಲಾ ಕೂಡ್ಸಿ ಐಸಿನ್ಯಾಗ ಇಡ್ತಾರ. ಮನಿಷ್ಯಾರದ್ದಕ್ಕ ಅಂಥಾದ್ದೇನೂ ಇಲ್ಲಿ ಇಲ್ಲ. ನಿನ ಗಂಡ ಕೆಲಸದಾಗ ಭಾಳ ಹುಷಾರ. ಅದ ತ್ರಾಸು ಆಗೈತಿ." ಕನ್ನಡಕ ಹಣೆಗೇರಿಸಿದರು. "ಈಗ ಹೇಳು. ಅವರು ಚಹಾ ಕುಡದು ಬಂದಕೂಡ್ಲೆ ಇದನ್ನ ಹೇಳ್ಲೋ, ಬ್ಯಾಡೋ?"

ನಾನು ತಲೆ ತಗ್ಗಿಸಿ ಹೇಂಟೆಯನ್ನೇ ನೋಡಿದೆ. ಹೇಳಿದರೆ ಇವರ ಮುಖ ಈಗಿಂದೀಗ ಅರಳುತ್ತದೆ. ಅತ್ತೆಯ ಮುಖವೂ ಅರಳುತ್ತದೆ. ಮಗ ಸರಿಯಿದ್ದಾನೆ ಅಂದಮೇಲೆ ತಪ್ಪು ಯಾರದು ಎಂದು ಕೇಳಲು ಅವರಿಗೆ ಡಾಕ್ಟರ ಚೀಟಿ ಬೇಕಾಗುವುದಿಲ್ಲ. ಕುಷ್ಟಗಿಯ ಹುಡುಗಿ ಜಗಲಿ ಹತ್ತುತ್ತಾಳೆ.

"ಬ್ಯಾಡ್ರಿ ಅಣ್ಣಾರ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಆ ಹುಡುಗಿಗೆ ಬ್ಯಾರೆ ಕಡೆ ಗಟ್ಟಿ ಆಗೂ ಮಟ ಬ್ಯಾಡ್ರಿ."

"ನಿನ್ನ ಗಂಡಗ?"

"ಅವರಿಗೂ ಬ್ಯಾಡ್ರಿ. ಅವರ ಹೊಟ್ಟ್ಯಾಗ ಏನೂ ನಿಲ್ಲೂದಿಲ್ಲ, ಅವ್ವನ ಮುಂದ ಎಲ್ಲಾ ಬರತೈತಿ."

ಮಾಸ್ತರು ಸುಳ್ಳು ಬರೆಯುವ ಮನುಷ್ಯರಲ್ಲ. ಕಾಗದ ಎಳೆದುಕೊಂಡು, 'ತಂದಾಗ ಇದ್ದಂತೆ: ಚಲನೆ ಕಾಣಲಿಲ್ಲ. ಎರಡೂವರೆ ತಿಂಗಳ ಮೇಲೆ ಮತ್ತೊಮ್ಮೆ ನೋಡತಕ್ಕದ್ದು' ಎಂದು ದುಂಡಗೆ ಬರೆದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅತ್ತೆ ಚಹಾ ಕುಡಿಯದೇ ಬಂದಿದ್ದರು. ಮಾಸ್ತರು ಇವರಿಗೆ ಹೇಳಿದರು: "ಪೈಲ್ವಾನರ, ಮುಂಜಾನಿಂದ ರಾತ್ರಿ ಮಟ ಲಂಗೋಟಿ ಬಿಗದು ಕಟ್ಟೂದು ಬಿಡ್ರಿ. ಆ ಜಾಗಾಕ್ಕ ಗಾಳಿ ಬೇಕು, ಬಿಸಿ ಆಗಬಾರದು. ಸುಡು ಸುಡು ನೀರಿನ ಜಳಕಾನೂ ಬ್ಯಾಡ. ಡಾಕ್ಟರಮ್ಮಗೂ ಕೇಳ್ರಿ, ಅವರೂ ಇದನ್ನ ಹೇಳ್ತಾರ." ಇವರು, "ಐಸಿನ್ಯಾಗ ಇಟ್ಟು ತಂದ್ರೂ ಹಿಂಗಾತಲ್ರಿ," ಅಂದರು. ಮಾಸ್ತರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ನಾನು ಹೇಂಟೆಯ ಕಡೆ ನೋಡಿದೆ.

ಆಮೇಲೆ ಅತ್ತೆಯ ಕಡೆ ತಿರುಗಿದರು. "ಅವ್ವಾರ, ನಿಮಗೊಂದು ಔಷಧ ಐತಿ. ಈ ಎರಡೂವರಿ ತಿಂಗಳು ಮಗಳ ಮನಿಗೆ ಕುಷ್ಟಗಿಗೆ ಹೋಗಿ ಇದ್ದುಬಿಡ್ರಿ."

"ನನಗ್ಯಾಕ ಔಷಧ? ನನಗೇನಾಗೈತಿ?"

"ನಿಮಗೇನೂ ಆಗಿಲ್ಲ. ನಮ್ಮ ಹೇಂಟಿ ನೋಡ್ರಿ. ದಿನಾ ಹತ್ತು ಸಲ ಆಕಿನ ಎಬ್ಬಿಸಿ ತತ್ತಿ ಒಡೀತೇನಂತ ನೋಡಿದ್ರ ಒಂದೂ ಮರಿ ಆಗೂದಿಲ್ಲ. ಕತ್ತಲಾ ಬೇಕು, ಬೆಚ್ಚಗಿರಬೇಕು, ಯಾರೂ ಎಬ್ಬಿಸಬಾರದು."

ಅತ್ತೆಗೆ ತಿಳಿಯಿತು. ಕೆಂಪಾದರು, ಬೈಯಲು ಬಾಯಿ ತೆರೆದರು, ಆದರೆ ಅವತ್ತು ಅವರಿಗೆ ಬೈಯುವ ಬಲವಿರಲಿಲ್ಲ.

ಆ ಎರಡೂವರೆ ತಿಂಗಳನ್ನು ಹೇಗೆ ಬರೆಯಲಿ. ಕುಷ್ಟಗಿಯ ಸಂಬಂಧ ಎಂಟೇ ದಿನದಲ್ಲಿ ಮುರಿಯಿತು. ಆ ಹುಡುಗಿಯನ್ನು ಒಬ್ಬ ಸಾಲಿ ಮಾಸ್ತರನಿಗೆ ಕೊಟ್ಟರು, ಈಗ ಅವಳಿಗೆ ಮೂರು ಮಕ್ಕಳು, ಅವಳ ಪುಣ್ಯವೂ ಚೆನ್ನಾಗಿತ್ತು. ಅತ್ತೆ ಔಷಧ ತೆಗೆದುಕೊಳ್ಳಲು ಹದಿನೈದು ದಿನ ತಡಮಾಡಿದರು. ಆ ಹದಿನೈದು ದಿನ ಮಗನ ಮುಂದೆ ತಾಟು ಇಟ್ಟು ಮುಖ ತಿರುವುತ್ತಿದ್ದರು. ಕುಷ್ಟಗಿಗೆ ಹೋದಮೇಲೂ ಬಂದವರ ಕೈಯಲ್ಲಿ ಬೇರು, ಭಸ್ಮ ಕಳಿಸುತ್ತಿದ್ದರು, ಮಾತು ಕಳಿಸುತ್ತಿರಲಿಲ್ಲ. ಇವರು ಗರಡಿಮನೆ ಬಿಟ್ಟರು. ದವಾಖಾನೆಯಿಂದ ಬಂದು ಕಟ್ಟೆಯ ಮೇಲೆ ಕೂತರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ನಾನು ಹಾಲು ಕಾಸಿ ಕೊಡುತ್ತಿದ್ದೆ, ಶೇಂಗಾ ಉಂಡೆ ಮಾಡಿ ಕೊಡುತ್ತಿದ್ದೆ. "ನನ್ನಂಥಾವಗ ಇದೆಲ್ಲಾ ಯಾಕ ಹಾಕ್ತಿ," ಅನ್ನುತ್ತಿದ್ದರು. ಒಂದು ಮಾತು ಹೇಳಿದರೆ ಮುಗಿದುಹೋಗುತ್ತಿತ್ತು. ಹತ್ತು ಸಲ ಬಾಯಿಗೆ ಬಂತು. ಹತ್ತು ಸಲವೂ ಆ ಜಗಲಿ, ಆ ಅಕ್ಕಿಕಾಳು ನೆನಪಾಗಿ ನುಂಗಿದೆ. ಸಂಬಂಧ ಮುರಿದ ಮೇಲೂ ಯಾಕೆ ನುಂಗಿದೆ ಎಂದರೆ, ನಿಜ ಹೇಳುತ್ತೇನೆ, ಎಂಟು ವರ್ಷ ಹೂಂ ಅನ್ನದ, ಊಹೂಂ ಅನ್ನದ ಮನುಷ್ಯ ಒಂದಿಷ್ಟು ದಿನ ನನ್ನ ಜಾಗದಲ್ಲಿ ಕೂತು ನೋಡಲಿ ಅನ್ನಿಸಿತ್ತು.

ಎರಡನೇ ಸಲ ಹೋದಾಗ ಮಾಸ್ತರ ಕಟ್ಟಪ್ಪಣೆ. ಹಿಂದಿನ ದಿನವೇ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿಯಬೇಕು, ಬೆಳಿಗ್ಗೆ ಅಲ್ಲಿಂದ ಬಾಟಲಿಯನ್ನು ಕಂಕುಳಲ್ಲಿ ಅವಚಿಕೊಂಡು ನೇರ ಬರಬೇಕು, ಅರ್ಧ ತಾಸಿನೊಳಗೆ. ಅತ್ತೆಯೂ ಕುಷ್ಟಗಿಯಿಂದ ಬಂದು ಕೂಡಿಕೊಂಡರು. ಬಜಾರದಲ್ಲಿ ಇವರ ಹಳೆಯ ಗರಡಿ ಗೆಳೆಯ ಎದುರಾಗಿ ಎರಡೂ ಕೈ ಚಾಚಿ, "ಏನ್ ಪೈಲ್ವಾನ, ಭಾಳ ದಿನಾ ಆತಲ್ಲ," ಎಂದು ಅಪ್ಪಲು ಬಂದ. ಇವರು ಎಡತೋಳು ಮೈಗೆ ಬಿಗಿದು ಹಿಂದೆ ಹಿಂದೆ ಸರಿದರು. ಗೆಳೆಯ ಮುಂದೆ ಮುಂದೆ ಬಂದ. ಕಡೆಗೆ ಅತ್ತೆ ನಡುವೆ ನುಗ್ಗಿ, "ಅವಗ ಕಂಕಳದಾಗ ಕುರ ಆಗೈತಿ, ಮುಟ್ಟಬ್ಯಾಡ," ಎಂದು ಪಾರು ಮಾಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿಂದಿಂದ ನಡೆದೆ.

ಮಾಸ್ತರು ನೋಡಿದರು, ಗುನುಗಿದರು, ಮತ್ತೆ ನೋಡಿದರು. ಅತ್ತೆಯನ್ನು ಕರೆದರು. ಅತ್ತೆ ಬಗ್ಗಿದವರು ಏಳಲೇ ಇಲ್ಲ.

"ಇವೇನ್ರಿ, ಕಪ್ಪಿಮರಿ ಇದ್ದಂಗ ಅದಾವ?"

"ನಿಮ್ಮ ಮನಿತನ್ರಿ ಅವ್ವಾರ."

"ಯವ್ವಾ, ಎಷ್ಟು ಓಡ್ಯಾಡ್ತಾವ. ಒಂದಕ್ಕರೆ ದಿಕ್ಕು ಐತೇನು?"

"ಮನಿತನ ಅಂದೆನಲ್ರಿ."

"ಸಾಕಷ್ಟು ಅದಾವೇನ್ರಿ?"

"ಇರಬೇಕಾದಷ್ಟು ಇಲ್ಲ. ಆದ್ರ ಒಂದು ಸಾಕು. ಅದಕ್ಕ ದಾರಿ ಬಿಡ್ರಿ ಅಷ್ಟ."

"ಮತ್ತ ಅವತ್ತು ಎಲ್ಲಾ ಸತ್ತು ಬಿದ್ದಿದ್ವಲ್ಲ?"

ಮಾಸ್ತರು ನನ್ನ ಕಡೆ ಹುಬ್ಬು ಏರಿಸಿದರು. ನಾನು ಕತ್ತು ಅಲ್ಲಾಡಿಸಿದೆ. "ಅವತ್ತು ದೂರದ ಪ್ರಯಾಣ ಮಾಡಿದ್ವಲ್ರಿ," ಅಂದರು. ಅದೂ ಸುಳ್ಳಲ್ಲ. ಅತ್ತೆ ತಾವು ಕಳಿಸಿದ ಬೇರಿನಿಂದ ಸತ್ತದ್ದು ಎದ್ದಿತೆಂದು ಸಾಯುವವರೆಗೂ ನಂಬಿದ್ದರು. ಇವರು ಎಲ್ಲಾ ಮಾಸ್ತರ ಕೈಗುಣ ಎಂದರು. ಅತ್ತೆ ಕುಷ್ಟಗಿಯಲ್ಲಿ ಇನ್ನೂ ಎರಡು ತಿಂಗಳು ಇದ್ದು ಬಂದರು. ಆ ವರ್ಷ ದಾಟುವುದರೊಳಗೆ ನನಗೆ ದಿನ ತಪ್ಪಿತು. ಮಗಳು ಹುಟ್ಟಿದಳು. ಒಬ್ಬಳೇ.

ಮಗಳನ್ನು ಎತ್ತಿಕೊಂಡು ಹೋದಾಗಲೂ ಮಾಸ್ತರದು ಅದೇ ಹುಬ್ಬು, ಹೇಳಿದೆಯೋ ಇಲ್ಲವೋ. ನನ್ನದು ಅದೇ ಕತ್ತು.

ಮಗಳಿಗೆ ಐದಾರು ವರ್ಷವಿದ್ದಾಗ, ವಿಲಾಯತಿಯಲ್ಲಿ ಗಾಜಿನೊಳಗೆ ಗರ್ಭ ಕಟ್ಟಿಸಿ ಕೂಸು ಹುಟ್ಟಿಸಿದರೆಂಬ ಸುದ್ದಿ ಬಂತು. ನಮ್ಮ ಓಣಿಯಲ್ಲಿ ಎಲ್ಲರೂ ಒಂಬತ್ತು ತಿಂಗಳೂ ಬಾಟಲಿಯಲ್ಲೇ ಬೆಳೆಸಿದರೆಂದು ತಿಳಿದಿದ್ದರು. ಗಂಗಾವತಿಗೆ ಹೋದಾಗ ಕೇಳಿದೆ. ಮಾಸ್ತರು ವರ್ತಮಾನ ಪತ್ರಿಕೆಯ ತುಂಡನ್ನು ಗೋಡೆಗೆ ಅಂಟಿಸಿದ್ದರು, ಸ್ವಂತ ಮೊಮ್ಮಗು ಹುಟ್ಟಿದ ಸಂಭ್ರಮ.

"ಎರಡು ಮೂರು ದಿನಾ ಅಷ್ಟ ತಂಗಿ. ಗಂಡಿಂದು ಹೆಣ್ಣಿಂದು ಗಾಜಿನ ತಟ್ಟಿಯೊಳಗ ಕೂಡ್ಸಿ, ಬೆಚ್ಚನ ಪೆಟ್ಟಿಗ್ಯಾಗ ಇಟ್ಟು, ಒಂದಿದ್ದದ್ದು ಎರಡಾಗಿ ನಾಕಾಗಿ ಎಂಟಾದ ಮ್ಯಾಲ ತಾಯಿ ಹೊಟ್ಟಿಗೆ ಬಿಡ್ತಾರ. ಎಲ್ಲಾರೂ ಕೂಡ್ಸಿದ್ದು ದೊಡ್ಡದಂತಾರ. ಕೂಡ್ಸೂದು ಏನ್ ಮಹಾ. ಆ ಎರಡು ಮೂರು ದಿನಾ ಅದನ್ನ ಕಾಯೂದು ಐತಲ್ಲ, ಅದು ಕೆಲಸ. ಕಾವು ಒಂಚೂರು ಹೆಚ್ಚು ಕಡಿಮಿ ಆಗಬಾರದು. ಅದು ಈಜೂ ನೀರಿನ ಉಪ್ಪು, ಹುಳಿ ಹೆಚ್ಚು ಕಡಿಮಿ ಆಗಬಾರದು. ಗಾಳಿ ಹದಾ ಇರಬೇಕು. ಬೆಳಕು ಬೀಳಬಾರದು. ಅದಕ್ಕ ತಾ ತಾಯಿ ಹೊಟ್ಟಿ ಬಿಟ್ಟು ಹೊರಗ ಅದೀನಿ ಅಂಬೂದ ಗೊತ್ತಾಗಬಾರದು."

"ನೀವೂ ಮಾಡ್ತೀರೇನ್ರಿ ಅಣ್ಣಾರ?"

"ಮಾಡಿದೆನಲ್ಲ," ಎಂದು ನಾಚಿದರು. ರೋಗದ ಹುಳ ಬೆಳೆಸುವ ತಮ್ಮ ಬಲ್ಬಿನ ಪೆಟ್ಟಿಗೆಯಲ್ಲಿ ಹನ್ನೆರಡು ಮೊಟ್ಟೆ ಇಟ್ಟಿದ್ದರಂತೆ, ಹೇಂಟೆಯ ಕೆಳಗೆ ಹನ್ನೆರಡು. ಹೇಂಟೆಯಡಿ ಹನ್ನೊಂದು ಮರಿ ಎದ್ದವು. ಪೆಟ್ಟಿಗೆಯಲ್ಲಿ ಎರಡು. "ಕರೆಂಟು ಹೋಗಿದ್ದು ಖರೆ. ಆದ್ರ ಕರೆಂಟಿನ ಮ್ಯಾಲ ಪೂರಾ ಹಾಕಬಾರದು. ದಿನಾ ಇಪ್ಪತ್ತು ಸಲ ಮುಚ್ಚಳ ತಗದು ನೋಡೀನಿ. ತಗದಾಗೊಮ್ಮೆ ಕಾವು ಹೊರಗ. ನಾನ ನೋಡಿ ನೋಡಿ ಕೊಂದೆ ತಂಗಿ. ನಿಮ್ಮತ್ತಿಗೆ ಬುದ್ಧಿ ಹೇಳಿದಾಂವ ನಾನ."

ಅದನ್ನು ನಗುತ್ತಲೇ ಹೇಳಿದರು, ಆದರೆ ಒಡೆಯದ ಒಂದು ಮೊಟ್ಟೆಯನ್ನು ಇನ್ನೂ ಕಿಟಕಿಯಲ್ಲಿ ಇಟ್ಟುಕೊಂಡಿದ್ದರು.

ಎರಡು ವರ್ಷದ ಹಿಂದೆ ಕಡೆಯ ಸಲ ನೋಡಿದ್ದು. ಲ್ಯಾಬು ಮುಚ್ಚಿದ್ದರು, ಕಣ್ಣು ಮಂಜಾಗಿತ್ತು, ಕಟ್ಟೆಯ ಮೇಲೆ ಕೂತಿದ್ದರು. ನನ್ನ ದನಿಯಿಂದ ಗುರುತು ಹಿಡಿದು ಹುಬ್ಬು ಏರಿಸಿದರು. ಈ ಸಲ ಕತ್ತು ಅಲ್ಲಾಡಿಸಿದರೆ ಅವರಿಗೆ ಕಾಣದು ಎಂದು "ಇಲ್ರಿ ಅಣ್ಣಾರ," ಎಂದು ಬಾಯಿಬಿಟ್ಟು ಹೇಳಿದೆ. "ನಾವಿಬ್ಬರೂ ಕೂಡಿ ಒಬ್ಬ ಪೈಲ್ವಾನನ್ನ ಕೆಡವೀವಿ. ಆಟಾನ ತಿಳೀಲಾರದಂಗ ಕೆಡವೀವಿ," ಅಂದರು. "ನಿನ ಗಂಡ ಒಬ್ಬಾಂವ ನನಗ ಕೈಮುಗೀವಾಗ ನಾಚಿಕಿ ಬರತೈತಿ."

ನಿನ್ನೆ ಸಂಜೆ ಊಟಕ್ಕೆ ಕೂತಾಗ ಇವರು ಮತ್ತೆ ಅದೇ ಮಾತು ತೆಗೆದರು. ಮಗಳು ಮೊದಲೇ ಉಂಡು ಪಡಸಾಲೆಯಲ್ಲಿ ಓದುತ್ತಿದ್ದಳು.

"ದೇವರಂಥಾ ಮನಿಷ್ಯಾ. ಆತ ಇಲ್ಲಂದ್ರ ನಾ ಊರಾಗ ತಲಿ ಎತ್ತಿ ಅಡ್ಡಾಡ್ತಿರಲಿಲ್ಲ."

ನಾನು ರೊಟ್ಟಿ ಹಾಕುತ್ತ, ಮುಖ ನೋಡದೆ, ಹೇಳಿಬಿಟ್ಟೆ. "ಅವತ್ತ ಗೊತ್ತಾಗಿತ್ರಿ. ಐಸಿಂದ ಹಂಗಾಗಿತ್ತು. ಮಾಸ್ತರು ಬಾಟ್ಲಿ ಹೇಂಟಿ ಕೆಳಗಿಟ್ಟು ಬೆಚ್ಚಗ ಮಾಡಿ ನನಗ ತೋರಿಸಿದ್ರು. ಎದ್ದಿದ್ವು. ಅವರು ಹೇಳ್ತೀನಿ ಅಂದ್ರು. ನಾನ ಬ್ಯಾಡ ಅಂದೆ."

ತುತ್ತು ಹಿಡಿದ ಕೈ ಹಾಗೇ ನಿಂತಿತು.

"ಎರಡೂವರಿ ತಿಂಗಳು," ಅಂದರು.

"ಹೂಂ ರಿ."

"ಅವ್ವ ನನ್ನ ಮುಂದ ತಾಟು ಇಟ್ಟು ಮಾರಿ ತಿರುವತಿದ್ಲು."

"ಗೊತ್ತೈತ್ರಿ. ನನ್ನ ಮುಂದ ಎಂಟು ವರ್ಷ ಹಂಗ ಇಟ್ಟಾಳ."

ಅವರು ತಾಟು ನೋಡುತ್ತ ಕೂತರು. ಪಡಸಾಲೆಯಲ್ಲಿ ಮಗಳು ಏನೋ ಬಾಯಿಪಾಠ ಮಾಡುತ್ತಿದ್ದಳು. ಇವರು, "ಹೇಂಟಿ ಕೆಳಗ ಎಷ್ಟೊತ್ತು ಇಟ್ಟಿದ್ರು?" ಎಂದು ಕೇಳಿದರು.

"ಹತ್ತು ನಿಮಿಷ."

"ನಾವೂ ಐಸಿಂದ ತಗದು ಬೆಚ್ಚನ ನೀರಾಗ ಇಟ್ಟ ನೋಡ್ತಿದ್ವಿ. ಯಾರದರೆ ಎಮ್ಮಿದಾಗಿದ್ರ ನಾನ ಹೇಳತಿದ್ದೆ. ನಂದಂದಕೂಡ್ಲೆ ತಲಿ ಓಡಲಿಲ್ಲ ನೋಡು." ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, "ನೀ ಬ್ಯಾಡ ಅಂದದ್ದು ಛಲೋ ಆತೋ ಕೆಟ್ಟಾತೋ ನನಗ ತಿಳೀವಲ್ದು," ಅಂದರು. "ಇನ್ನೊಂದು ರೊಟ್ಟಿ ಹಾಕು."

ಊಟಕ್ಕೆ ಇದ್ದದ್ದು ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೊಸ ಮೆಣಸಿನಕಾಯಿಯ ಕೆಂಪು ಚಟ್ನಿ, ಗಂಗಾವತಿಯಿಂದ ತಂದ ಅಕ್ಕಿಯ ಅನ್ನ, ಮಜ್ಜಿಗೆ. ಇವರು ನಾಲ್ಕು ರೊಟ್ಟಿ ಉಂಡರು, ಅನ್ನ ಮುಟ್ಟಲಿಲ್ಲ. ನಾನು ಒಂದು ರೊಟ್ಟಿ, ಮಜ್ಜಿಗೆ. ಪಾತ್ರೆ ತೊಳೆದಿಟ್ಟು, ತಿಗಣೆ ಉದುರಿಸಿದ ಹೊರಸಿನ ಮೇಲೆ ಮೈಚೆಲ್ಲಿದ್ದಷ್ಟೇ ನೆನಪು. ಮೊದಲು ನಿದ್ದೆಹೋದವಳು ನಾನೇ. ನನ್ನ ಹಿಂದೆ ಮಗಳು. ಹಾಗೆಂದು ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ಇವರು ಹೇಳಿದರು.